ಊರಿನ ವಸ್ತುಸಂಗ್ರಹಾಲಯಕ್ಕೆ ಊರಿನವರೇ ಬರಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಿಲ್ಲಾ ಕೇಂದ್ರದ ಸಣ್ಣ ಮ್ಯೂಸಿಯಂ, ಮಠ-ದೇವಸ್ಥಾನಗಳ ಸಂಗ್ರಹ, ಕಾಲೇಜಿನ ಇತಿಹಾಸ ವಿಭಾಗದ ಕೋಣೆ, ಹಳ್ಳಿಯ ಹಳೇ ಶಾಲೆಯಲ್ಲಿ ಜೋಡಿಸಿಟ್ಟ ಸಾಮಾನು. ಇಂಥವನ್ನು ನೋಡಿಕೊಳ್ಳುವವರಿಗಾಗಿ ಈ ಪುಟ. ಕೋಟಿಗಟ್ಟಲೆ ಅನುದಾನ ಇರುವವರಿಗೆ ಸಲಹೆ ಕೊಡಲು ಬೇರೆಯವರಿದ್ದಾರೆ.

ಶಾಲಾ ಪ್ರವಾಸದ ಬಸ್ಸು ಬಿಟ್ಟರೆ ನಮ್ಮಲ್ಲಿಗೆ ಯಾರೂ ಬರುವುದಿಲ್ಲ. ಎಲ್ಲಿಂದ ಶುರು ಮಾಡಬೇಕು?

ಹೊಸ ಗಾಜಿನ ಪೆಟ್ಟಿಗೆಗೆ ಕೊಟೇಶನ್ ತರಿಸುವ ಮೊದಲು ಒಂದು ವಾರ ಸುಮ್ಮನೆ ಕೂತು ನೋಡಿ. ಕೋಣೆಗಳ ನಕ್ಷೆಯನ್ನು ಕೈಯಲ್ಲೇ ಬರೆದು ಇಪ್ಪತ್ತು ಜೆರಾಕ್ಸ್ ಮಾಡಿಸಿಕೊಳ್ಳಿ. ಬಾಗಿಲಲ್ಲಿ ಕಾಲಿಟ್ಟ ಪ್ರತಿ ಮೂರನೆಯ ಗುಂಪನ್ನು ಆರಿಸಿ, ಅವರು ನಡೆದ ದಾರಿಗೆ ಗೆರೆ ಎಳೆಯಿರಿ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತ ಕಡೆ ಚುಕ್ಕಿ ಇಡಿ, ಬಾಯಿಬಿಟ್ಟು ಏನಾದರೂ ಕೇಳಿದರೆ ಆ ಮಾತನ್ನು ಹಾಗೇ ಬರೆದುಕೊಳ್ಳಿ. ವಾರದಲ್ಲಿ ಒಂದು ಭಾನುವಾರ, ಒಂದು ಸಂತೆಯ ದಿನ ಸೇರಿರಲೇಬೇಕು.

ಬಹುತೇಕ ಕಡೆ ಕಾಣಿಸುವುದು ಹೀಗೆ: ಕತ್ತಿ-ಗುರಾಣಿಯ ಮುಂದೆ ಚುಕ್ಕಿಗಳ ರಾಶಿ, ನಾಣ್ಯಗಳ ಮುಂದೆ ಒಂದೂ ಇಲ್ಲ. ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ "ಟಾಯ್ಲೆಟ್ ಎಲ್ಲಿದೆ?" ಇದು ನಗುವ ಮಾತಲ್ಲ. ಕುಡಿಯುವ ನೀರು, ಶೌಚಾಲಯ, ಅಜ್ಜಿಯೊಬ್ಬರು ಕೂರಬಹುದಾದ ಎರಡು ಬೆಂಚು, ರಸ್ತೆಯಿಂದಲೇ ಕಾಣುವ "ತೆರೆದಿದೆ, ಒಳಗೆ ಬನ್ನಿ" ಎಂಬ ಬೋರ್ಡು. ಈ ನಾಲ್ಕು ಇಲ್ಲದ ಕಡೆ ಉಳಿದ ಖರ್ಚೆಲ್ಲ ವ್ಯರ್ಥ. ಅರ್ಧ ಮುಚ್ಚಿದ ಗೇಟು ಮತ್ತು ರಿಜಿಸ್ಟರ್ ಹಿಡಿದು "ಏನು ಬೇಕಿತ್ತು?" ಎನ್ನುವ ಸಿಬ್ಬಂದಿ ಇದ್ದರೆ, ಊರಿನವರು ಅದನ್ನು ಸರ್ಕಾರಿ ಕಚೇರಿ ಎಂದುಕೊಂಡು ಮುಂದೆ ಹೋಗುತ್ತಾರೆ.

ಫಲಕಗಳನ್ನು ಯಾರೂ ಓದುವುದಿಲ್ಲ. ಜನಕ್ಕೆ ಓದುವ ಅಭ್ಯಾಸವೇ ಹೋಗಿದೆಯೇ?

ಹೋಗಿಲ್ಲ. ಫಲಕದಲ್ಲಿ ಓದುವಂಥದ್ದು ಇಲ್ಲ. ಒಂದು ಉದಾಹರಣೆ ಹಿಡಿದು ನೋಡೋಣ. ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲೊಂದಿದೆ. ನಮ್ಮಲ್ಲಿ ರೂಢಿಯಾಗಿರುವ ಕ್ರಮದಲ್ಲಿ ಅದಕ್ಕೆ ಫಲಕ ಬರೆದರೆ ಹೀಗಾಗುತ್ತದೆ:

"ಆತಕೂರು ಶಾಸನ. ಗಂಗ-ರಾಷ್ಟ್ರಕೂಟ. ಶಕ 872, ಕ್ರಿ.ಶ. 949-50. ಭಾಷೆ: ಕನ್ನಡ. ಇಮ್ಮಡಿ ಬೂತುಗ ಹಾಗೂ ಮೂರನೆಯ ಕೃಷ್ಣನ ಕಾಲದ್ದು. ತಕ್ಕೋಲಂ ಕದನದ ಉಲ್ಲೇಖವಿದೆ."

ಒಂದು ತಪ್ಪೂ ಇಲ್ಲ. ನಿಲ್ಲಲು ಒಂದು ಕಾರಣವೂ ಇಲ್ಲ. ಅದೇ ಕಲ್ಲಿಗೆ ಇದನ್ನು ಹಾಕಿ:

"ಈ ಸ್ಮಾರಕ ಒಂದು ನಾಯಿಗಾಗಿ. ಅದರ ಹೆಸರು ಕಾಳಿ. ತಕ್ಕೋಲಂ ಯುದ್ಧದಲ್ಲಿ ಮೆಚ್ಚುವಂತೆ ಹೋರಾಡಿದ ಮಣಲೆರನಿಗೆ ಗಂಗರ ದೊರೆ ಬೂತುಗ 'ಏನು ಬೇಕೋ ಕೇಳು' ಎಂದ. ಮಣಲೆರ ಕೇಳಿದ್ದು ಈ ಬೇಟೆನಾಯಿಯನ್ನು. ಮುಂದೆ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಕೆತ್ತನೆಯಲ್ಲಿ ಎರಡನ್ನೂ ಹುಡುಕಿ. ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಪೂಜಾರಿಗೆ ನಾಯಿಯ ಪಾಪ ತಟ್ಟುತ್ತದೆ ಎಂದೂ ಬರೆಸಲಾಗಿದೆ. ಆತಕೂರು, ಕ್ರಿ.ಶ. 949-50."

ಎರಡನೆಯದರಲ್ಲಿ ಕಲ್ಪಿಸಿದ್ದು ಏನೂ ಇಲ್ಲ, ಎಲ್ಲವೂ ಕಲ್ಲಿನ ಮೇಲೇ ಇದೆ. ಕ್ರಮ ಮಾತ್ರ ತಿರುಗಿದೆ: ಕಣ್ಣಿಗೆ ಕಾಣುವುದು ಮೊದಲು, ರಾಜವಂಶ ಆಮೇಲೆ, ಇಸವಿ ಕೊನೆಗೆ. "ಹುಡುಕಿ" ಎಂಬ ಒಂದು ಪದ ಓದುಗನ ಕಣ್ಣನ್ನು ಫಲಕದಿಂದ ಕಲ್ಲಿಗೆ ಕಳಿಸುತ್ತದೆ. ಫಲಕದ ಕೆಲಸವೇ ಅದು.

ಅಳತೆಗಳು ಇಷ್ಟು. ಒಂದು ವಸ್ತುವಿಗೆ 40ರಿಂದ 60 ಪದ, ಇಡೀ ಕೋಣೆಯ ಪರಿಚಯಕ್ಕೆ 120 ಮೀರಬಾರದು. ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುವುದರಿಂದ ಇಂಗ್ಲಿಷಿಗೆ ಸಾಲುವ ಅಂತರ ಕನ್ನಡಕ್ಕೆ ಸಾಲದು. ಅಕ್ಷರ ಕನಿಷ್ಠ 30 ಪಾಯಿಂಟ್, ಸಾಲಿನ ಅಂತರ ಅದರ ಒಂದೂವರೆ ಪಟ್ಟು ಇರಲಿ. ಫಲಕದ ನಡುಭಾಗ ನೆಲದಿಂದ 1.3-1.4 ಮೀಟರ್ ಎತ್ತರದಲ್ಲಿರಲಿ. ಮಿರುಗುವ ಲ್ಯಾಮಿನೇಶನ್ ಬೇಡ, ಟ್ಯೂಬ್‌ಲೈಟ್ ಪ್ರತಿಫಲಿಸಿ ನಡುವಿನ ಎರಡು ಸಾಲು ಮಾಯವಾಗುತ್ತವೆ. ಮ್ಯಾಟ್ ಕೇಳಿ. ಮರೂನ್ ಮೇಲೆ ಚಿನ್ನದ ಬಣ್ಣದ ಅಕ್ಷರ ಮದುವೆ ಕಾರ್ಡಿಗೆ ಚೆಂದ, ಇಲ್ಲಿ ಬೇಡ.

ಅಚ್ಚಿಗೆ ಕಳಿಸುವ ಮೊದಲು ಏಳನೇ ತರಗತಿಯ ಹುಡುಗಿಯೊಬ್ಬಳಿಂದ ಗಟ್ಟಿಯಾಗಿ ಓದಿಸಿ. ಅವಳು ತಡವರಿಸಿದ ಕಡೆ ವಾಕ್ಯ ಮುರಿಯಿರಿ.

ಹಳಗನ್ನಡದ ಸಾಲುಗಳನ್ನು ಹಾಕಬೇಕೇ? ಯಾರಿಗೂ ಅರ್ಥವಾಗುವುದಿಲ್ಲವಲ್ಲ.

ಹಾಕಿ, ಆದರೆ ಒಂದೇ ಸಾಲು. ಅದರ ಕೆಳಗೆ ಇವತ್ತಿನ ಕನ್ನಡ. ಇದಕ್ಕಿಂತ ಜನರನ್ನು ಹಿಡಿದು ನಿಲ್ಲಿಸುವುದು ಅಕ್ಷರಗಳ ಪಟ್ಟಿ. ಅಶೋಕನ ಕಾಲದ ಬ್ರಾಹ್ಮಿಯಲ್ಲಿ 'ಕ' ಎಂದರೆ ಕೂಡಿಸುವ ಚಿಹ್ನೆಯಂಥ ಅಡ್ಡ-ಉದ್ದ ಎರಡು ಗೆರೆ. ಅಲ್ಲಿಂದ ಕದಂಬ, ಚಾಲುಕ್ಯ, ಹೊಯ್ಸಳ, ವಿಜಯನಗರದ ಮೂಲಕ ಇಂದಿನ 'ಕ' ತನಕ ಒಂದೇ ಅಕ್ಷರವನ್ನು ಸಾಲಾಗಿ ಬಿಡಿಸಿ. ಐದಾರು ಅಕ್ಷರ ಸಾಕು, ಹೆಸರುಗಳಲ್ಲಿ ಹೆಚ್ಚು ಬರುವ ಕ, ನ, ಮ, ರ, ಸ ಆರಿಸಿಕೊಳ್ಳಿ. ಪಕ್ಕದಲ್ಲಿ ಪಾಟಿ, ಬಳಪ ಇಡಿ. ಹಲ್ಮಿಡಿ ಶಾಸನದ ಲಿಪಿಯಲ್ಲಿ ತಮ್ಮ ಹೆಸರು ಬರೆದುಕೊಂಡು ಫೋಟೊ ತೆಗೆಸಿಕೊಳ್ಳದೆ ಮಕ್ಕಳು ಹೊರಡುವುದಿಲ್ಲ. ದೊಡ್ಡವರೂ ಅಷ್ಟೆ, ಸ್ವಲ್ಪ ನಾಚಿಕೊಂಡು ಬರೆಯುತ್ತಾರೆ.

ಇಂಗ್ಲಿಷ್ ಫಲಕ ಬೇಕಿದ್ದರೆ ಅದನ್ನು ಬೇರೆಯಾಗಿಯೇ ಬರೆಸಿ. ಹೊರಗಿನವರಿಗೆ 'ಗೊರವ' (ಶೈವ ಪೂಜಾರಿ) ಯಾರೆಂದು ಹೇಳಬೇಕು, ನಮ್ಮವರಿಗೆ ತಕ್ಕೋಲಂ ಎಲ್ಲಿದೆ ಎಂದು ಹೇಳಬೇಕು.

ಒಮ್ಮೆಗೇ ಅರವತ್ತು ಮಕ್ಕಳು ಬರುತ್ತಾರೆ, ಹತ್ತು ನಿಮಿಷದಲ್ಲಿ ಸಾಲಾಗಿ ಸುತ್ತಿ ಹೋಗುತ್ತಾರೆ. ಏನು ಮಾಡಬಹುದು?

ಶಾಲೆಯವರು ಫೋನ್ ಮಾಡಿದಾಗಲೇ ಒಂದೂವರೆ ಗಂಟೆ ಕೇಳಿ. ಹದಿನೈದರಂತೆ ನಾಲ್ಕು ಗುಂಪು, ನಾಲ್ಕು ಜಾಗ, ಒಂದೊಂದಕ್ಕೆ 20 ನಿಮಿಷ. ಒಂದು ಗುಂಪು ಗ್ಯಾಲರಿಯಲ್ಲಿ, ಒಂದು ಮುಟ್ಟಿ ನೋಡುವ ಪೆಟ್ಟಿಗೆಯ ಬಳಿ, ಒಂದು ಅಕ್ಷರದ ಪಟ್ಟಿಯ ಹತ್ತಿರ, ಒಂದು ಹೊರಗಿನ ಜಗಲಿಯಲ್ಲಿ ಶಾಸನದ ಪಡಿಯಚ್ಚು ತೆಗೆಯುತ್ತ ಇರಲಿ.

ಪಡಿಯಚ್ಚನ್ನು ಮೂಲ ಕಲ್ಲಿನ ಮೇಲೆ ಮಕ್ಕಳಿಂದ ಮಾಡಿಸಲೇಬಾರದು. ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಕಡಪ ಕಲ್ಲಿನಲ್ಲಿ, ಸಮಾಧಿ ಕಲ್ಲು ಕೆತ್ತುವವರಿಂದ ನಾಲ್ಕು ಸಾಲು ಕೆತ್ತಿಸಿ. ಆಳ 3-4 ಮಿಲಿಮೀಟರ್ ಇರಲಿ. ಉಳಿದದ್ದು ಹೀಗೆ:

1. ಕಲ್ಲನ್ನು ನೀರು ಹಾಕಿ ಮೆದು ಬ್ರಷ್ಷಿನಿಂದ ತೊಳೆಯಿರಿ. ಅಕ್ಷರದೊಳಗೆ ಮಣ್ಣು ಕೂತಿದ್ದರೆ ಅಚ್ಚಿನಲ್ಲಿ ಆ ಅಕ್ಷರ ಬರುವುದಿಲ್ಲ.
2. 70 ಜಿಎಸ್‌ಎಂ ಮ್ಯಾಪ್‌ಲಿತೊ ಕಾಗದವನ್ನು ನೀರಿನಲ್ಲಿ ನೆನೆಸಿ, ಹಿಂಡದೆ ಎತ್ತಿ ಹಾಸಿ. ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿಗುಳ್ಳೆ ಹೊರಗೆ ಕಳಿಸಿ.
3. ಕೂದಲು ಒತ್ತಾಗಿರುವ ಬ್ರಷ್ಷಿನಿಂದ ನೇರವಾಗಿ ಬಡಿಯಿರಿ, ಉಜ್ಜಬೇಡಿ. ಕಾಗದ ಅಕ್ಷರದ ಕುಳಿಯೊಳಗೆ ಇಳಿಯಬೇಕು. ಹರಿದ ಕಡೆ ಮೇಲೊಂದು ತುಂಡು ನೆನೆಸಿ ಕೂರಿಸಿದರೆ ಸಾಕು.
4. ಕಾಗದದ ಹೊಳಪು ಹೋಗಿ ಇನ್ನೂ ತಣ್ಣಗಿರುವಾಗ, ಬಟ್ಟೆ ಸುತ್ತಿದ ಹತ್ತಿಯ ಉಂಡೆಗೆ ಮಸಿ ಹಚ್ಚಿ, ಮೊದಲು ಹಳೇ ಪೇಪರಿನ ಮೇಲೆ ಒತ್ತಿ ಹೆಚ್ಚಿನದನ್ನು ಕಳೆದು, ಆಮೇಲೆ ಕಲ್ಲಿನ ಮೇಲೆ ಮೆಲ್ಲಗೆ ತಟ್ಟಿ.
5. ಪೂರ್ತಿ ಒಣಗಿದ ಮೇಲೆ ಒಂದು ಮೂಲೆಯಿಂದ ಎತ್ತಿ. ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಏಳುತ್ತದೆ.

ಕೆಡುವುದು ಹೆಚ್ಚಾಗಿ ನಾಲ್ಕನೇ ಹಂತದಲ್ಲಿ. ಒದ್ದೆಯಿರುವಾಗಲೇ ತಟ್ಟಿದರೆ ಮಸಿ ಹರಡಿ ಅಕ್ಷರ ತುಂಬಿಹೋಗುತ್ತದೆ, ತೀರಾ ಒಣಗಿದ ಮೇಲೆ ತಟ್ಟಿದರೆ ಕಾಗದ ಕುಳಿಯಿಂದ ಮೇಲೆದ್ದು ಗೆರೆ ಎರಡೆರಡಾಗಿ ಕಾಣುತ್ತದೆ. 20 ನಿಮಿಷದಲ್ಲಿ ಕಾಗದ ಒಣಗುವುದಿಲ್ಲ. ಆದ್ದರಿಂದ ಹಿಂದಿನ ಗುಂಪು ಹಾಸಿದ್ದಕ್ಕೆ ಮುಂದಿನ ಗುಂಪು ಮಸಿ ತಟ್ಟುವಂತೆ ಎರಡು-ಮೂರು ಕಲ್ಲು ಇಟ್ಟುಕೊಳ್ಳಿ. ಬಿಳಿ ಸಮವಸ್ತ್ರದ ದಿನ ಈ ಆಟ ಬೇಡ.

ಹಳೇ ವಸ್ತುಗಳನ್ನು ಮುಟ್ಟಲು ಬಿಡಬಹುದೇ?

ಕೆಲವನ್ನು ಬಿಡಬಹುದು. ಅದಕ್ಕೆಂದೇ ಬೇರೆ ಪೆಟ್ಟಿಗೆ ಮಾಡಿ. ಅದರಲ್ಲಿರುವುದು ಹಾಳಾದರೂ ಪರವಾಗಿಲ್ಲ ಎನ್ನುವಂಥದ್ದು, ಒಂದೇ ಥರದ್ದು ಎರಡು ಮೂರು ಇರುವಂಥದ್ದು ಆಗಿರಬೇಕು. ಸೇರು, ಪಾವು, ಚಟಾಕು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು ಎಂದು ಬಾಯಲ್ಲಿ ಹೇಳಬೇಡಿ. ಒಂದಿಷ್ಟು ಭತ್ತ ಕೊಟ್ಟು ಅಳೆಯಲು ಬಿಡಿ. ಜೊತೆಗೆ 1957ರ ಏಪ್ರಿಲ್‌ಗಿಂತ ಮುಂಚಿನ ಆಣೆ ನಾಣ್ಯಗಳನ್ನಿಟ್ಟು, ರೂಪಾಯಿಗೆ 16 ಆಣೆ, 192 ಪೈ ಇದ್ದ ಕಾಲದ ಅಂಗಡಿ ಲೆಕ್ಕ ಮಾಡಿಸಿ. ಮೊಮ್ಮಗನಿಗೆ ತಲೆ ಕೆಡುವಷ್ಟರಲ್ಲಿ ಪಕ್ಕದ ಅಜ್ಜಿ ಬೆರಳ ಗೆಣ್ಣಿನ ಮೇಲೆ ಉತ್ತರ ಹೇಳಿರುತ್ತಾರೆ. ಆ ಕ್ಷಣದಲ್ಲಿ ಗೈಡ್ ಬಾಯಿ ಮುಚ್ಚಿಕೊಂಡಿರಬೇಕು.

ತಾಳೆಗರಿ, ಹಳೇ ಬಟ್ಟೆ, ಬಣ್ಣ ಬಳಿದ ಮರ, ಕಂಚು ಈ ಪೆಟ್ಟಿಗೆಗೆ ಸೇರುವುದಿಲ್ಲ. ಬೆವರಿನ ಉಪ್ಪು ಲೋಹದ ಮೇಲೆ ಬೆರಳಚ್ಚನ್ನೇ ಕೊರೆದುಬಿಡುತ್ತದೆ. ಸಿಬ್ಬಂದಿ ಲೋಹ ಹಿಡಿಯುವಾಗ ನೈಟ್ರೈಲ್ (ರಬ್ಬರಿನಂಥ) ಕೈಗವಸು ಹಾಕಲಿ. ಕಾಗದ, ತಾಳೆಗರಿಗೆ ತೊಳೆದು ಒರೆಸಿದ ಬರಿಗೈಯೇ ಒಳ್ಳೆಯದು. ಟಿವಿಯಲ್ಲಿ ತೋರಿಸುವ ಬಿಳಿ ಹತ್ತಿಯ ಕೈಗವಸು ಗರಿಯ ಸೀಳಿಗೆ ಸಿಕ್ಕಿ ಅಂಚು ಮುರಿಯುತ್ತದೆ.

ಊರಿನವರ ಮನೆಯಲ್ಲಿ ಎಷ್ಟೋ ಹಳೇ ವಸ್ತುಗಳಿವೆ. ಅವನ್ನು ಕೊಡಿ ಎಂದು ಕೇಳುವುದು ಹೇಗೆ?

ಕೇಳಬೇಡಿ. ಕೇಳಿದ ತಕ್ಷಣ ಅಟ್ಟದ ಬಾಗಿಲು ಮುಚ್ಚುತ್ತದೆ. ಬದಲಿಗೆ ವರ್ಷಕ್ಕೊಂದು ದಿನ "ತಂದು ತೋರಿಸಿ, ಸಂಜೆ ತಗೊಂಡು ಹೋಗಿ" ಎಂದು ಕರೆಯಿರಿ. ಮೇ 18ರ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ ಬೇಸಿಗೆ ರಜೆಯಲ್ಲಿ ಬರುವುದರಿಂದ ಅನುಕೂಲ. ಪರಊರಿನ ಮಕ್ಕಳು, ಮೊಮ್ಮಕ್ಕಳು ಮನೆಯಲ್ಲಿರುತ್ತಾರೆ.

ಬೇಕಾಗುವುದು ಮೂರು ಮೇಜು. ಮೊದಲನೆಯದರಲ್ಲಿ ಚೀಟಿ: ತಂದವರ ಹೆಸರು, ಊರು, ವಸ್ತುವಿನ ಹೆಸರು ಅವರ ಬಾಯಲ್ಲಿ ಏನೋ ಅದು, ಮನೆಗೆ ಹೇಗೆ ಬಂತು, ಕೊನೆಯ ಸಲ ಬಳಸಿದ್ದು ಯಾವಾಗ. ಎರಡನೆಯದರಲ್ಲಿ ಬೂದು ಬಟ್ಟೆಯ ಮೇಲೆ ಅಳತೆಪಟ್ಟಿ ಇಟ್ಟು ಫೋಟೊ. ಮೂರನೆಯದರಲ್ಲಿ ಮೊಬೈಲಿನಲ್ಲಿ ಐದು ನಿಮಿಷದ ಮಾತು. ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ರೆಕಾರ್ಡಿಂಗಿನಲ್ಲಿ ಫ್ಯಾನೇ ಮಾತಾಡುತ್ತದೆ. ಫೋಟೊ, ಧ್ವನಿ ಎರಡನ್ನೂ ಬಳಸಲು ಒಪ್ಪಿಗೆಯ ಸಹಿ ಪಡೆದು, ವಸ್ತುವನ್ನು ಅವರ ಕಣ್ಣೆದುರೇ ವಾಪಸು ಕೊಡಿ. ಮುಂದಿನ ತಿಂಗಳು ಆ ಫೋಟೊಗಳನ್ನು ಗೋಡೆಗೆ ಹಾಕಿದರೆ ನೋಡಲು ಮನೆಮಂದಿಯೆಲ್ಲ ಬರುತ್ತಾರೆ. ಕೊಡುವ ಮನಸ್ಸಿದ್ದವರು ಆಮೇಲೆ ತಾವೇ ಬಾಯಿಬಿಡುತ್ತಾರೆ.

ಕೊಟ್ಟರೆ ಅದೇ ದಿನ ದಾಖಲೆ ಪುಸ್ತಕದಲ್ಲಿ ವರ್ಷ, ಕ್ರಮಸಂಖ್ಯೆ ಹಾಕಿ ರಸೀದಿ ಕೊಡಿ. "ಸದಾ ಪ್ರದರ್ಶನದಲ್ಲಿರಬೇಕು", "ನಮ್ಮ ತಂದೆಯ ಹೆಸರು ದೊಡ್ಡದಾಗಿ ಹಾಕಬೇಕು" ಎಂಬ ಷರತ್ತು ಒಪ್ಪಬೇಡಿ. ಹತ್ತು ವರ್ಷ ಕಳೆದ ಮೇಲೆ ಇಡೀ ಕೋಣೆ ಷರತ್ತುಗಳಿಂದಲೇ ತುಂಬಿರುತ್ತದೆ. ಸಂಖ್ಯೆಯನ್ನು ಮಾರ್ಕರ್ ಪೆನ್ನಿನಿಂದ ವಸ್ತುವಿನ ಮೇಲೆ ಬರೆಯುವುದೂ ಬೇಡ, ದಾರ ಕಟ್ಟಿದ ಚೀಟಿ ಸಾಕು.

ಕಾನೂನಿನ ಮಾತು: 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯ, ಕರಕುಶಲ ವಸ್ತುಗಳು ಪುರಾತನ ವಸ್ತುಗಳೇ. ಮಹತ್ವವುಳ್ಳ ಹಸ್ತಪ್ರತಿಗೆ 75 ವರ್ಷ ಸಾಕು. ಶಿಲ್ಪದಂಥ ಕೆಲವು ಬಗೆಗಳನ್ನು ನೋಂದಾಯಿಸಬೇಕು. ನೆಲ ಅಗೆಯುವಾಗ ಸಿಕ್ಕಿದ್ದನ್ನು ಯಾರಾದರೂ ತಂದರೆ ಸುಮ್ಮನೆ ಇಟ್ಟುಕೊಳ್ಳಬೇಡಿ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು.

ನಮ್ಮೂರ ಹೊಲದ ಬದುವಿನಲ್ಲಿ ವೀರಗಲ್ಲು ಬಿದ್ದಿದೆ. ಮ್ಯೂಸಿಯಂಗೆ ತರಬಹುದೇ?

ಅಪಾಯವಿಲ್ಲದಿದ್ದರೆ ಅಲ್ಲೇ ಇರಲಿ. ಕಲ್ಲಿನ ಅರ್ಧ ಅರ್ಥ ಅದು ನಿಂತ ಜಾಗದಲ್ಲಿದೆ: ಹಳೇ ದಾರಿ, ಕೆರೆಯ ಏರಿ, ಊರ ಗಡಿ. ಬೇಗೂರಿನ ನಾಗನಾಥೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 900ರ ವೀರಗಲ್ಲೊಂದಿದೆ, ಅದರಲ್ಲಿ "ಬೆಂಗಳೂರು" ಕಾಳಗದ ಮಾತಿದೆ. ಆ ಹೆಸರನ್ನು ಬೇಗೂರಿನ ಮಣ್ಣಿನ ಮೇಲೇ ನಿಂತು ಓದುವುದಕ್ಕೂ ಬೇರೆಲ್ಲೋ ಓದುವುದಕ್ಕೂ ವ್ಯತ್ಯಾಸವಿದೆ. ಸಾಗಿಸಲೇಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಊರಿನವರ ಒಪ್ಪಿಗೆಯೂ ಬೇಕು. ಎರಡನೆಯದಿಲ್ಲದೆ ಮೊದಲನೆಯದು ಮಾತ್ರ ಇದ್ದರೆ ಟ್ರ್ಯಾಕ್ಟರ್ ಊರು ದಾಟುವುದಿಲ್ಲ. 1936ರಲ್ಲಿ ಬೆಳಕಿಗೆ ಬಂದ ಹಲ್ಮಿಡಿ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿದೆ, ಹಲ್ಮಿಡಿಯಲ್ಲಿ ಪ್ರತಿಕೃತಿ ನಿಂತಿದೆ. ಕಲ್ಲು ಹೋದರೂ ಊರಿಗೆ ಏನಾದರೂ ಉಳಿಯಬೇಕು ಎನ್ನುವುದಕ್ಕೆ ಅದು ಮಾದರಿ.

ಮ್ಯೂಸಿಯಂನ ಕೆಲಸ ಕಲ್ಲಿನ ಹತ್ತಿರ ಜನರನ್ನು ಕರೆದೊಯ್ಯುವುದು. ಸಂಜೆ ಏಳರ ಮೇಲೆ ಹೋಗಿ. ಹಗಲಲ್ಲಿ ಸವೆದುಹೋದಂತೆ ಕಾಣುವ ಅಕ್ಷರ, ಟಾರ್ಚನ್ನು ಕಲ್ಲಿನ ಮೇಲ್ಮೈಗೆ ತಾಗುವಷ್ಟು ಓರೆಯಾಗಿ ಹಿಡಿದರೆ ನೆರಳಿನಲ್ಲಿ ಎದ್ದು ನಿಲ್ಲುತ್ತದೆ. ಒಮ್ಮೆ ಎಡದಿಂದ, ಒಮ್ಮೆ ಮೇಲಿನಿಂದ ಹಿಡಿಯಿರಿ. ಅಡ್ಡ ಗೆರೆ, ಉದ್ದ ಗೆರೆ ಬೇರೆ ಬೇರೆಯಾಗಿ ಕಾಣಿಸುತ್ತವೆ. ಇದು ಗೊತ್ತಿಲ್ಲದೆ ಜನ ಮೈದಾ, ಸುಣ್ಣ, ಬಳಪ ಉಜ್ಜುತ್ತಾರೆ. ಪುಡಿ ರಂಧ್ರಗಳಲ್ಲಿ ಕೂತು ಮುಂದಿನ ಓದಿಗೇ ಅಡ್ಡಿಯಾಗುತ್ತದೆ. ಆಸಿಡ್, ತಂತಿ ಬ್ರಷ್, ಆಯಿಲ್ ಪೇಂಟ್ ಯಾವುದೂ ಬೇಡ.

ಓದುವ ಕ್ರಮ ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಕೆಳ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಹಸುಗಳಿದ್ದರೆ ತುರುಗೊಳ್, ಅಂದರೆ ದನ ಹೊಡೆದೊಯ್ಯುವಾಗ ನಡೆದ ಕಾಳಗ. ಬಳೆ ತೊಟ್ಟು ಮೇಲೆತ್ತಿದ ಕೈ ಇದ್ದರೆ ಮಹಾಸತಿಕಲ್ಲು. ಮಹಾಸತಿಕಲ್ಲಿನ ಮುಂದೆ ಮಕ್ಕಳು ಕೇಳುವ ಪ್ರಶ್ನೆಗೆ "ತ್ಯಾಗ" ಎಂದು ತೇಲಿಸಿಬಿಡಬೇಡಿ. ಗಂಡ ಸತ್ತಾಗ ಹೆಂಡತಿಯೂ ಸತ್ತಳು, ಅವಳ ಇಚ್ಛೆ ಏನಿತ್ತೆಂದು ಕಲ್ಲು ಹೇಳುವುದಿಲ್ಲ ಎಂದು ನೇರವಾಗಿ ಹೇಳಿ.

ಕಲ್ಲಿಗೆ ಎಣ್ಣೆ, ಕುಂಕುಮ ಹಚ್ಚಿ ಪೂಜಿಸುತ್ತಿದ್ದರೆ ಜಗಳಕ್ಕೆ ಹೋಗಬೇಡಿ. ಆ ಪೂಜೆಯಿಂದಲೇ ಅದು ಇವತ್ತಿನವರೆಗೆ ಚಪ್ಪಡಿಯಾಗದೆ ಉಳಿದಿರಬಹುದು. ಎಣ್ಣೆಯನ್ನು ಪಾದದ ಭಾಗಕ್ಕಷ್ಟೇ ಹಚ್ಚುವಂತೆ ಕೇಳಿಕೊಂಡರೆ ಬಹಳ ಸಲ ಒಪ್ಪುತ್ತಾರೆ.

3ಡಿ ಸ್ಕ್ಯಾನಿಂಗ್ ನಮಗೂ ಸಾಧ್ಯವೇ?

ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಸ್ಕ್ಯಾನರಿನಿಂದಲೇ ದಾಖಲಿಸುತ್ತಿದೆ. ಸ್ಕ್ಯಾನರ್ ಇಲ್ಲದವರಿಗೆ ಮೊಬೈಲ್ ಕ್ಯಾಮೆರಾ ಸಾಕು, ಫೋಟೊಗಳನ್ನು ಹೊಲಿದು ಮಾದರಿ ಮಾಡುವ ಉಚಿತ ತಂತ್ರಾಂಶಗಳಿವೆ. ಮೋಡ ಕವಿದ ದಿನ, ಅಳತೆಪಟ್ಟಿ ಇಟ್ಟು, ಪ್ರತಿ ಚಿತ್ರದ ಮುಕ್ಕಾಲು ಭಾಗ ಹಿಂದಿನದರೊಂದಿಗೆ ಸೇರುವಂತೆ 100-150 ಚಿತ್ರ ತೆಗೆಯಿರಿ. ನಿಂತ ಜಾಗದಲ್ಲೇ ಕ್ಯಾಮೆರಾ ತಿರುಗಿಸಿದರೆ ಮಾದರಿ ಸೊಟ್ಟಗಾಗುತ್ತದೆ. ಕಾಲು ಸರಿಸಬೇಕು. ಒದ್ದೆ ಕಲ್ಲು ಮಿನುಗುವುದರಿಂದ ಮಳೆ ನಿಂತ ಕೂಡಲೇ ಬೇಡ.

ಟಚ್‌ಸ್ಕ್ರೀನ್, ಕ್ಯೂಆರ್ ಕೋಡ್, ವಿಆರ್ ಕನ್ನಡಕ? ದಾನಿಗಳು ಅದನ್ನೇ ಕೊಡಲು ಬರುತ್ತಾರೆ.

ಮರ್ಯಾದೆಯಿಂದ ಬೆಂಚು ಕೇಳಿ. ಟಚ್‌ಸ್ಕ್ರೀನ್ ಕೆಟ್ಟ ದಿನ ರಿಪೇರಿಗೆ ಯಾರೂ ದಾನ ಕೊಡುವುದಿಲ್ಲ, "ದುರಸ್ತಿಯಲ್ಲಿದೆ" ಎಂಬ ಚೀಟಿಯೇ ಕಾಯಂ ಪ್ರದರ್ಶನವಾಗುತ್ತದೆ. ಹಂಪಿಯ ಕಮಲಾಪುರದ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಬೆಟ್ಟ, ನದಿ, ಗುಡಿಗಳ ಸಮೇತ ಹಂಪಿಯ ದೊಡ್ಡ ಮಾದರಿಯಿದೆ. ಕರೆಂಟ್ ಬೇಡ, ಹತ್ತಾರು ಮಂದಿ ಒಟ್ಟಿಗೆ ಸುತ್ತ ನಿಂತು "ನಾವು ಬಂದಿದ್ದು ಈ ಕಡೆಯಿಂದ" ಎಂದು ಬೆರಳು ತೋರಿಸಬಹುದು. ಊರಿನ ಕೆರೆ, ಕೋಟೆ, ಹಳೇ ಪೇಟೆ ಬೀದಿಗೆ ಅಂಥದ್ದೊಂದು ಮಾಡಿಸಿ.

ಕ್ಯೂಆರ್ ಕೋಡ್ ಧ್ವನಿಗೆ ಮಾತ್ರ ಚೆನ್ನ: ಕುಂಬಾರರೊಬ್ಬರ ಮಾತು, ಬೀಸುವ ಪದ, ಒಂದೂವರೆ ನಿಮಿಷದೊಳಗೆ. ಫಲಕದಲ್ಲಿ ಹಿಡಿಸದ ಪಠ್ಯವನ್ನು ಅದರೊಳಗೆ ತುರುಕಿದರೆ ಯಾರೂ ತೆರೆಯುವುದಿಲ್ಲ. ಒಳಗೆ ಸಿಗ್ನಲ್ ಇದೆಯೇ ಎಂದು ಮೊದಲು ನೋಡಿ, ಕೊಂಡಿ ಸತ್ತಿಲ್ಲವೇ ಎಂದು ತಿಂಗಳಿಗೊಮ್ಮೆ ನೀವೇ ಸ್ಕ್ಯಾನ್ ಮಾಡಿ.

ಜನ ಹೆಚ್ಚಾದರೆ ವಸ್ತುಗಳು ಹಾಳಾಗುವುದಿಲ್ಲವೇ?

ಮುಟ್ಟದಿದ್ದರೆ ಕಲ್ಲಿಗೆ ಏನೂ ಆಗದು. ಬಟ್ಟೆ, ಕಾಗದ, ತಾಳೆಗರಿ, ಜಲವರ್ಣಕ್ಕೆ ಬೆಳಕೇ ದೊಡ್ಡ ಶತ್ರು. 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು, ಕಿಟಕಿಯ ಬಿಸಿಲು ಬೀಳಲೇಬಾರದು, ಮೂರ್ನಾಲ್ಕು ತಿಂಗಳಿಗೊಮ್ಮೆ ಬದಲಿಸಿ ಒಳಗಿಡಬೇಕು. ಪೆಟ್ಟಿಗೆಯ ಮೇಲೆ ದಪ್ಪ ಬಟ್ಟೆಯ ಪರದೆ ಹಾಕಿ "ಸರಿಸಿ ನೋಡಿ" ಎಂದು ಬರೆದರೆ ಬೆಳಕೂ ಉಳಿಯಿತು, ನೋಡುವವರ ಕುತೂಹಲವೂ ಹೆಚ್ಚಿತು. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ 65 ಶೇಕಡಾ ದಾಟಿದರೆ ಬೂಷ್ಟು ಶುರುವಾಗುತ್ತದೆ. ಗಾಜಿನ ಪೆಟ್ಟಿಗೆಯನ್ನು ಹೊರಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕಿಡಿ.

ಗಾಲಿಕುರ್ಚಿಯವರು, ಕಣ್ಣು ಕಾಣದವರು ಬಂದರೆ?

ಇಳಿಜಾರು ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿರಲಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅದಕ್ಕಿಂತ ಕಡಿದಾದರೆ ಕುರ್ಚಿ ಏರುವುದಿಲ್ಲ, ಉದ್ಘಾಟನೆಯ ಫೋಟೊ ಮಾತ್ರ ಆಗುತ್ತದೆ. ಬಾಗಿಲು 90 ಸೆಂಟಿಮೀಟರ್ ಇರಬೇಕು. ಕಣ್ಣು ಕಾಣದವರಿಗೆ ಪಡಿಯಚ್ಚಿನ ಅದೇ ಕಡಪ ಕಲ್ಲು, ಅಳತೆ ಪಾತ್ರೆಗಳ ಅದೇ ಪೆಟ್ಟಿಗೆ ಕೊಡಿ. ಬ್ರೈಲ್ ಫಲಕ ಮಾಡಿಸಿದರೆ ಬ್ರೈಲ್ ಓದುವವರೊಬ್ಬರಿಂದ ಪರೀಕ್ಷೆ ಮಾಡಿಸಿ. ಚಪ್ಪಟೆಯಾಗಿ ಅಚ್ಚಾದ ಬ್ರೈಲ್, ತಲೆಕೆಳಗಾಗಿ ಅಂಟಿಸಿದ ಬ್ರೈಲ್ ಎರಡೂ ಅಪರೂಪವಲ್ಲ.

ಜಾತಿ, ಧರ್ಮ, ರಾಜರ ವಿಷಯ ಬಂದರೆ ಗಲಾಟೆಯಾಗುತ್ತದೆ. ಬಿಟ್ಟುಬಿಡುವುದು ಒಳ್ಳೆಯದಲ್ಲವೇ?

ಬಿಟ್ಟರೆ ನಿಮ್ಮಲ್ಲಿ ಉಳಿಯುವುದು ಕಿರೀಟ ಮತ್ತು ಕತ್ತಿ. ಆಧಾರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಬೇರೆ ಬೇರೆಯಾಗಿ ಬರೆಯಿರಿ. ಅಗ್ರಹಾರದ ದತ್ತಿ ಶಾಸನವಿದ್ದರೆ, ಭೂಮಿ ಯಾರಿಗೆ ಸಿಕ್ಕಿತು ಎಂಬ ಸಾಲಿನ ಕೆಳಗೆ "ಇದನ್ನು ಉಳುತ್ತಿದ್ದವರ ಹೆಸರು ಶಾಸನದಲ್ಲಿಲ್ಲ" ಎಂಬ ಸಾಲೂ ಇರಲಿ. ಫಲಕದ ಕರಡನ್ನು ಸಂಬಂಧಪಟ್ಟ ಕೇರಿಯವರಿಗೆ ಮೊದಲೇ ಓದಿ ಹೇಳಿ. ಅವರು ತಿದ್ದುವುದು ಬಹುತೇಕ ಒಂದು ಪದವನ್ನು, ಅದೂ ತಿದ್ದಬೇಕಾದದ್ದನ್ನೇ.

ಕೆಲಸ ಆಗುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಟಿಕೆಟ್ ಸಂಖ್ಯೆಯೊಂದರಿಂದ ಗೊತ್ತಾಗದು, ಎರಡು ಬಸ್ಸು ಬಂದರೆ ಅದು ಏರುತ್ತದೆ. ಬಾಗಿಲಲ್ಲಿ ಎರಡೇ ಪ್ರಶ್ನೆ ಕೇಳಿ: ಹಿಂದೆ ಬಂದಿದ್ದಿರಾ? ಇವತ್ತು ನೋಡಿದ್ದರಲ್ಲಿ ಮನೆಗೆ ಹೋಗಿ ಏನು ಹೇಳುತ್ತೀರಿ? ಎರಡನೆಯದಕ್ಕೆ "ಎಲ್ಲಾ ಚೆನ್ನಾಗಿದೆ" ಎಂಬ ಉತ್ತರ ಬಂದರೆ ಏನೂ ನಾಟಿಲ್ಲ ಎಂದರ್ಥ. "ನಾಯಿಗೆ ಕಲ್ಲು ಹಾಕಿಸಿದ್ದರಂತೆ" ಎಂದು ಬಂದರೆ ಆ ಫಲಕ ಗೆದ್ದಿದೆ. ಆರು ತಿಂಗಳಿಗೊಮ್ಮೆ ಹಳೇ ಜೆರಾಕ್ಸ್ ನಕ್ಷೆ ತೆಗೆದು ಮತ್ತೆ ಚುಕ್ಕಿ ಇಡಿ.

ಫೋಟೊ ತೆಗೆಯಲು ಬಿಡಬೇಕೇ?

ಬಿಡಿ. ಫ್ಲಾಶ್ ಬೇಡ, ಸೆಲ್ಫಿ ಕೋಲು ಬೇಡ. ಹೆಚ್ಚು ಜನ ಫೋಟೊ ತೆಗೆಯುವ ವಸ್ತುವಿನ ಹಿಂದೆ ಫೈರ್ ಎಕ್ಸ್‌ಟಿಂಗ್ವಿಶರ್, ಪ್ಲಾಸ್ಟಿಕ್ ಕುರ್ಚಿ, ಬಕೆಟ್ಟು ಕಾಣದಂತೆ ಬೆಳಿಗ್ಗೆಯೇ ಸರಿಸಿಡಿ.